ಪೊಲೀಸ್ ಸೊಂಟಪಟ್ಟಿ: ಎಡಕ್ಕೇನು, ಬಲಕ್ಕೇನು?

ಅಮೆರಿಕದ ಪತ್ತೇದಾರಿ ಚಿತ್ರಗಳನ್ನೋ ಟಿ.ವಿ. ಧಾರಾವಾಹಿಗಳನ್ನೋ ನೋಡಿದವರಿಗೆ ಅಲ್ಲಿನ ಗಸ್ತಿನ ಪೊಲೀಸರ ಸೊಂಟ ಚೆನ್ನಾಗಿ ಪರಿಚಿತ. ನಾಲ್ಕು ಬೆರಳಗಲದ ಕಪ್ಪು ಪಟ್ಟಿ, ಅದರ ಸುತ್ತ ಪಿಸ್ತೂಲು, ಗುಂಡಿನ ಚೀಲ, ಕೈಕೋಳ, ದೊಣ್ಣೆ, ಟಾರ್ಚು, ವೈರ್‌ಲೆಸ್, ಕೀಲಿಗೊಂಚಲು. ಜಾತ್ರೆಗೆ ಹೊರಟ ವ್ಯಾಪಾರಿ ತನ್ನ ಸರಕನ್ನೆಲ್ಲ ಸೊಂಟಕ್ಕೇ ಕಟ್ಟಿಕೊಂಡು ಬಂದ ಹಾಗೆ ಕಾಣುತ್ತದೆ. ಸಿಕ್ಕಿದ್ದನ್ನು ಸಿಕ್ಕಲ್ಲಿ ನೇತುಹಾಕಿದ್ದಾರೆ ಎಂದು ನೋಡುವವರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಆದರೆ ಅಲ್ಲಿ ಯಾವುದೂ ಸಿಕ್ಕಲ್ಲಿ ಇಲ್ಲ. ಪಿಸ್ತೂಲು ಯಾವ ಪಕ್ಕದಲ್ಲಿರಬೇಕು, ಅದರ ಗುಂಡುಗಳು ಯಾವ ಕೈಗೆ ಸಿಗಬೇಕು, ಬೆನ್ನ ಹಿಂದೆ ಏನು ಇರಕೂಡದು ಎಂಬುದಕ್ಕೆಲ್ಲ ಕಾರಣಗಳಿವೆ. ಆ ಕಾರಣಗಳನ್ನು ಹುಡುಕಿಕೊಂಡು ಹೋದರೆ ಬಹುಪಾಲು ಕಡೆ ಯಾರೋ ಒಬ್ಬರು ಕೈ ಕಳೆದುಕೊಂಡದ್ದೋ, ಬೆನ್ನು ಮುರಿದುಕೊಂಡದ್ದೋ, ಪ್ರಾಣ ಬಿಟ್ಟದ್ದೋ ಎದುರಾಗುತ್ತದೆ. ಈ ಹುಡುಕಾಟದ ಮೊದಲ ನಿಲ್ದಾಣ ಅಮೆರಿಕವಲ್ಲ, ನಮ್ಮದೇ ಉತ್ತರ ಪ್ರದೇಶದ ಪೀಲಿಭೀತ್ ಸೀಮೆ.

ಒಂಟಿ ಕೈಯ ಸೇನಾನಿ

ಸ್ಯಾಮ್ಯುಯೆಲ್ ಬ್ರೌನ್ ಎಂಬಾತ 1824ರಲ್ಲಿ ಕಲ್ಕತ್ತೆಯ ಬಳಿಯ ಬ್ಯಾರಕ್‌ಪುರದಲ್ಲಿ ಹುಟ್ಟಿದವನು. ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯ ಸೇರಿ 1849ರಲ್ಲಿ ಪಂಜಾಬಿನಲ್ಲಿ ಒಂದು ಕುದುರೆ ಪಡೆಯನ್ನು ಕಟ್ಟಿದ. 1857ರಲ್ಲಿ ಉತ್ತರ ಭಾರತ ಕಂಪೆನಿಯ ವಿರುದ್ಧ ಸಿಡಿದೆದ್ದಾಗ ಈ ಪಡೆ ಕಂಪೆನಿಯ ಪರವಾಗಿ ಹೋರಾಡಿತು. 1858ರ ಆಗಸ್ಟ್ 31ರಂದು ಪೀಲಿಭೀತ್ ಬಳಿಯ ಸೀರ್ಪುರದಲ್ಲಿ ಬಂಡಾಯಗಾರರ ಒಂದು ಫಿರಂಗಿ ಕಂಪೆನಿಯ ಕಾಲಾಳುಗಳ ಮೇಲೆ ಗುಂಡು ಹಾರಿಸುತ್ತಿತ್ತು. ಬ್ರೌನ್ ಒಬ್ಬನೇ ಒಬ್ಬ ಸವಾರನನ್ನು ಜೊತೆಗೆ ಕರೆದುಕೊಂಡು ಆ ಫಿರಂಗಿಯ ಮೇಲೆ ನುಗ್ಗಿದ. ಮತ್ತೆ ಮದ್ದು ತುಂಬಲು ಬಿಡಬಾರದು ಎಂಬುದು ಅವನ ಉದ್ದೇಶ. ಮೊದಲ ಕತ್ತಿಯೇಟು ಎಡ ಮೊಣಕಾಲಿಗೆ ಬಿತ್ತು. ಎರಡನೆಯದು ಎಡಗೈಯನ್ನು ಭುಜದಿಂದಲೇ ಕತ್ತರಿಸಿತು.

ಈ ಸಾಹಸಕ್ಕಾಗಿ ಅವನಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಪದಕದ ವಿವರಣೆಯಲ್ಲಿ ಯಾವ ಕಾಲಿಗೆ ಗಾಯ, ಯಾವ ಕೈ ಹೋಯಿತು ಎಂಬುದೆಲ್ಲ ಇದೆ. ಆ ಏಟು ಹಾಕಿದ ಗೋಲಂದಾಜನ ಹೆಸರು ಮಾತ್ರ ಇಲ್ಲ. ಜಗತ್ತಿನ ಪೊಲೀಸರ ಸೊಂಟದ ಮೇಲೆ ಇಷ್ಟು ದೀರ್ಘಕಾಲದ ಪರಿಣಾಮ ಬೀರಿದ ಮನುಷ್ಯ ಅವನೇ ಎನ್ನಬೇಕು.

ಏಕೆಂದರೆ, ಬದುಕಿ ಉಳಿದ ಬ್ರೌನ್‌ಗೆ ಒಂದು ವಿಚಿತ್ರ ತೊಂದರೆ ಎದುರಾಯಿತು. ಆಗಿನ ಅಧಿಕಾರಿಗಳ ಕತ್ತಿಯ ಒರೆ ಸೊಂಟದ ಎಡಭಾಗದಲ್ಲಿ ಎರಡು ಪಟ್ಟಿಗಳಿಂದ ಸಡಿಲವಾಗಿ ಜೋತಾಡುತ್ತಿತ್ತು. ನಡೆಯುವಾಗ ಅದು ಕಾಲಿಗೆ ತೊಡರದಂತೆ ಎಡಗೈಯಲ್ಲಿ ಹಿಡಿದುಕೊಳ್ಳಬೇಕು. ಕತ್ತಿ ಹಿರಿಯುವಾಗ ಒರೆಯೂ ಜೊತೆಗೇ ಎದ್ದು ಬರದಂತೆ ಅದರ ಬಾಯಿಯನ್ನು ಎಡಗೈಯೇ ಒತ್ತಿಹಿಡಿಯಬೇಕು. ಬಲಗೈ ಕತ್ತಿಯ ಕೈಯಾದರೆ ಎಡಗೈ ಒರೆಯ ಕೈ. ಎಡಗೈಯೇ ಇಲ್ಲದವನು ಏನು ಮಾಡಬೇಕು?

ಬ್ರೌನ್ ಒರೆಯನ್ನು ಸೊಂಟಪಟ್ಟಿಗೆ ಬಿಗಿಯಾಗಿ ಕೂರಿಸಿದ. ಅದರ ಭಾರಕ್ಕೆ ಪಟ್ಟಿ ಎಡಕ್ಕೆ ಜಗ್ಗದಂತೆ ಇನ್ನೊಂದು ತೆಳು ಪಟ್ಟಿಯನ್ನು ಬಲಭುಜದ ಮೇಲಿಂದ ಎದೆಗೆ ಅಡ್ಡಲಾಗಿ ಇಳಿಸಿ ಎಡಸೊಂಟಕ್ಕೆ ಸೇರಿಸಿದ. (ನಮ್ಮವರಿಗೆ ಸುಲಭವಾಗಿ ಹೇಳುವುದಾದರೆ ಜನಿವಾರವನ್ನು ಅಪಸವ್ಯ ಮಾಡಿಕೊಂಡಾಗ ಹೇಗಿರುತ್ತದೋ ಹಾಗೆ.) ಬಲಭಾಗದಲ್ಲಿ ಮುಚ್ಚಳವಿರುವ ಪಿಸ್ತೂಲಿನ ಚೀಲ, ಉಳಿದ ಸಾಮಾನುಗಳಿಗೆ ಅಲ್ಲಲ್ಲಿ ಲೋಹದ ಬಳೆಗಳು. ಈಗ ಒಂದೇ ಕೈಯಲ್ಲಿ ಎಲ್ಲವೂ ನಡೆಯುತ್ತಿತ್ತು.

ಒಂಟಿ ಕೈಯವನ ಅನಿವಾರ್ಯ ಎರಡು ಕೈಯವರಿಗೂ ಅನುಕೂಲವಾಗಿ ಕಂಡಿತು. ಮೊದಲು ಭಾರತದಲ್ಲಿದ್ದ ಅಧಿಕಾರಿಗಳು ಅನುಕರಿಸಿದರು. ದಕ್ಷಿಣ ಆಫ್ರಿಕದ ಬೋಯರ್ ಯುದ್ಧದ ಹೊತ್ತಿಗೆ, ಅಂದರೆ 19ನೇ ಶತಮಾನ ಮುಗಿಯುವ ಕಾಲಕ್ಕೆ, ಅದು ಬ್ರಿಟಿಷ್ ಸೇನಾಧಿಕಾರಿಗಳ ಸಾಮಾನ್ಯ ಉಡುಪಾಗಿತ್ತು. ಜನರಲ್ ಪದವಿಗೇರಿದ ಬ್ರೌನ್ 1901ರಲ್ಲಿ ತೀರಿಕೊಂಡ. ಅವನ ಹೆಸರು ಪಟ್ಟಿಗೆ ಅಂಟಿಕೊಂಡು ಉಳಿಯಿತು. ಬೆಂಗಳೂರಿನ ಮಾಣೆಕ್ ಷಾ ಮೈದಾನದ ಗಣರಾಜ್ಯೋತ್ಸವದ ಕವಾಯತಿನಲ್ಲಿ ನಮ್ಮ ಪೊಲೀಸ್ ಅಧಿಕಾರಿಗಳ ಎದೆಯ ಮೇಲೆ ಅಡ್ಡಲಾಗಿ ಮಿಂಚುವ ಪಟ್ಟಿ ಇದೇ 'ಸ್ಯಾಮ್ ಬ್ರೌನ್'.

ಅಡ್ಡಪಟ್ಟಿ ನಮಗೆ ಅಪರಿಚಿತವೇನೂ ಅಲ್ಲ. ಹಳೆಯ ಕಚೇರಿಗಳ ಜವಾನರ ಡವಾಲಿಯನ್ನು ಹಿರಿಯರು ಮರೆತಿರಲಾರರು. ಆದರೆ ಡವಾಲಿ ಅಧಿಕಾರದ ಗುರುತು, ಏನನ್ನೂ ಹೊರುವುದಿಲ್ಲ. ಹೊರುವ ಪಟ್ಟಿಯ ಜಾಣತನ ನೋಡಬೇಕಾದರೆ ಕೊಡಗಿಗೆ ಹೋಗಬೇಕು. ಕೊಡವರ ಸೊಂಟಕ್ಕೆ ಕೆಂಪು ಚೇಲೆ, ಅದರ ಮುಂಭಾಗದಲ್ಲಿ ಪೀಚೆಕತ್ತಿ, ಬೆನ್ನ ಹಿಂದೆ ಲೋಹದ ತೊಡಂಗಿನಲ್ಲಿ ಒಡಿಕತ್ತಿ. ಚಿಕ್ಕದು ಮುಂದೆ, ದೊಡ್ಡದು ಹಿಂದೆ, ಎರಡೂ ಕೈಗೆ ಎಟಕುವಂತೆ. ಸೊಂಟದ ಜಾಗ ಕಡಿಮೆ, ಹಂಚಿಕೆ ಸರಿಯಿರಬೇಕು ಎಂಬ ತಿಳಿವಳಿಕೆಗೆ ಯಾರೂ ಸಾಹೇಬರನ್ನು ಕಾಯಬೇಕಾಗಿರಲಿಲ್ಲ.

ಅಂಗಿಯೊಳಗಿನಿಂದ ಅಂಗಿಯ ಮೇಲಕ್ಕೆ

ಸೇನೆಯ ಪಟ್ಟಿ ಪೊಲೀಸರ ಸೊಂಟಕ್ಕೆ ಬರುವ ಮುಂಚೆ ಪೊಲೀಸರು ಆಯುಧಗಳನ್ನು ತೋರಿಸುತ್ತಿರಲಿಲ್ಲ, ಬಚ್ಚಿಡುತ್ತಿದ್ದರು. 1829ರಲ್ಲಿ ಲಂಡನ್ ಪೊಲೀಸ್ ಪಡೆ ಹುಟ್ಟಿದಾಗ ಅದು ಸೈನ್ಯದಂತೆ ಕಾಣಬಾರದು ಎಂಬ ಎಚ್ಚರ ಸರ್ಕಾರಕ್ಕಿತ್ತು. ಆದ್ದರಿಂದ ನೀಲಿ ಕೋಟು, ಎತ್ತರದ ಟೋಪಿ; ಮರದ ದೊಣ್ಣೆ ಕೋಟಿನ ಹಿಂಬದಿಯ ಉದ್ದ ಜೇಬಿನಲ್ಲಿ ಅಡಗಿರುತ್ತಿತ್ತು. ನ್ಯೂಯಾರ್ಕಿನಲ್ಲೂ ಬಹುಕಾಲ ರಿವಾಲ್ವರ್ ಕೋಟಿನ ಅಡಿಯಲ್ಲೇ ಇತ್ತು. ಮುಂದೆ ಅಮೆರಿಕದ ಅಧ್ಯಕ್ಷನಾದ ಥಿಯೊಡೋರ್ ರೂಸ್‌ವೆಲ್ಟ್ 1890ರ ದಶಕದಲ್ಲಿ ಆ ನಗರದ ಪೊಲೀಸ್ ಕಮಿಷನರ್ ಆಗಿದ್ದಾಗ ಎಲ್ಲರಿಗೂ ಒಂದೇ ಮಾದರಿಯ ರಿವಾಲ್ವರ್ ಇರಬೇಕೆಂದು ನಿಯಮ ಮಾಡಿದ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ಅಮೆರಿಕದ ಸೇನಾಧಿಕಾರಿಗಳು ಬ್ರಿಟಿಷರ ಸ್ಯಾಮ್ ಬ್ರೌನ್ ಪಟ್ಟಿಗೆ ಮರುಳಾದರು. ಯುದ್ಧದ ನಂತರ ಅದು ಅಮೆರಿಕದ ಪೊಲೀಸ್ ಪಡೆಗಳಿಗೂ ಹರಡಿತು. ಕೋಟು ಗಿಡ್ಡವಾಯಿತು, ರಿವಾಲ್ವರ್ ಹೊರಗೆ ಬಂತು. ಭುಜದ ಪಟ್ಟಿ ಹೆಚ್ಚು ದಿನ ಬಾಳಲಿಲ್ಲ. ಹೊಡೆದಾಟದಲ್ಲಿ ಎದುರಾಳಿಗೆ ಅದು ಒಳ್ಳೆಯ ಹಿಡಿಕೆ; ಹಿಡಿದೆಳೆದರೆ ಪೊಲೀಸನೇ ಮಕಾಡೆ. ಹಾಗಾಗಿ ಭುಜದ ಪಟ್ಟಿ ಮೆರವಣಿಗೆಗಷ್ಟೇ ಮೀಸಲಾಗಿ, ಸೊಂಟದ ಪಟ್ಟಿ ಮಾತ್ರ ಗಸ್ತಿಗೆ ಉಳಿಯಿತು. ಆದರೂ ಲಾಸ್ ಏಂಜಲೀಸ್ ಪೊಲೀಸರು ತಮ್ಮ ಸೊಂಟಪಟ್ಟಿಯನ್ನು 'ಸ್ಯಾಮ್ ಬ್ರೌನ್' ಎಂದೇ ಕರೆಯುತ್ತಾರೆ. ಆ ಹೆಸರಿನ ಮನುಷ್ಯನಿಗೆ ಒಂದೇ ಕೈ ಇತ್ತೆಂದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತೋ!

ಸೊಂಟದ ಗಡಿಯಾರ

ಪಟ್ಟಿಯ ಮೇಲಿನ ಜಾಗಗಳನ್ನು ಹೇಳಲು ಅಮೆರಿಕದ ಪೊಲೀಸರು ಗಡಿಯಾರದ ಭಾಷೆ ಬಳಸುತ್ತಾರೆ. ತಲೆ ತಗ್ಗಿಸಿ ನಿಮ್ಮದೇ ಸೊಂಟ ನೋಡಿಕೊಳ್ಳಿ. ಹೊಟ್ಟೆಯ ಮೇಲಿನ ಬಕಲ್ 12 ಗಂಟೆ, ಬಲಸೊಂಟ 3, ಬೆನ್ನುಹುರಿ 6, ಎಡಸೊಂಟ 9.

ಬಲಗೈ ಬಳಸುವವನಿಗೆ ಪಿಸ್ತೂಲು 3 ಗಂಟೆಗೆ. ಕೈ ಇಳಿಬಿಟ್ಟರೆ ಸಹಜವಾಗಿ ಬೀಳುವುದು ಅಲ್ಲೇ. ಒಂದು ಕಾಲದಲ್ಲಿ ಎಡಭಾಗದಲ್ಲಿಟ್ಟು ಬಲಗೈಯಿಂದ ಅಡ್ಡ ಎಳೆಯುವ ಪದ್ಧತಿಯೂ ಇತ್ತು. ಆದರೆ ಹಾಗಿಟ್ಟರೆ ಹಿಡಿ ಮುಂದಕ್ಕೆ ಚಾಚಿಕೊಂಡಿರುತ್ತದೆ, ಎದುರಿಗೆ ನಿಂತವನಿಗೆ ಕೈಕುಲುಕಲು ಕೊಟ್ಟಂತೆ. ಗುಂಡಿನ ಚೀಲ 10–11 ಗಂಟೆಯ ಜಾಗದಲ್ಲಿ, ಎಡ ಮುಂಭಾಗಕ್ಕೆ. ಬಲಗೈ ಪಿಸ್ತೂಲು ಹಿಡಿದಿರುವಾಗ ಖಾಲಿಯಾದ ಮ್ಯಾಗಜೀನ್ ಬದಲಿಸಬೇಕಾದದ್ದು ಎಡಗೈ. ವೈರ್‌ಲೆಸ್ ಕೂಡ ಎಡಕ್ಕೇ. ಮಾತನಾಡುತ್ತಿರುವಾಗಲೂ ಬಲಗೈ ಬಿಡುವಾಗಿರಬೇಕು. ಕೈಕೋಳದ ಜಾಗ ಮಾತ್ರ ಇಲಾಖೆಯಿಂದ ಇಲಾಖೆಗೆ, ಆಳಿನಿಂದ ಆಳಿಗೆ ಬೇರೆ. ಕೊಸರಾಡುವ ಆರೋಪಿಯನ್ನು ಯಾವ ಕೈ ಹಿಡಿದಿರುತ್ತದೆ, ಯಾವ ಕೈ ಬಿಡುವಾಗಿರುತ್ತದೆ ಎಂದು ಮೊದಲೇ ಹೇಳಲಾಗದು. ಆದ್ದರಿಂದ ಕೆಲವರು ಎರಡು ಕಡೆ ಎರಡು ಜೊತೆ ಇಟ್ಟುಕೊಳ್ಳುತ್ತಾರೆ.

6 ಗಂಟೆಯ ಜಾಗದಲ್ಲಿ ಏನೂ ಇರಕೂಡದು ಎಂಬುದು ಈಗ ತರಬೇತಿಯ ಸಾಮಾನ್ಯ ಪಾಠ. ಮಲ್ಲಯುದ್ಧದಲ್ಲಿ ಪೊಲೀಸ್ ಅಂಗಾತ ಬಿದ್ದರೆ, ಬೆನ್ನುಹುರಿಗೂ ನೆಲಕ್ಕೂ ನಡುವೆ ಇರುವುದು ಉಕ್ಕಿನ ಕೈಕೋಳ. ಬೀಳದಿದ್ದರೂ ಎಂಟು ಗಂಟೆ ಕಾರಿನಲ್ಲಿ ಅದರ ಮೇಲೆ ಒರಗಿ ಕೂತರೆ ಸಾಕು. ಕಾರಿನದೇ ಇನ್ನೊಂದು ಫಜೀತಿಯಿದೆ. ಅಮೆರಿಕದಲ್ಲಿ ಚಾಲಕನ ಆಸನ ಎಡಕ್ಕೆ, ಹಾಗಾಗಿ ಸೀಟ್ ಬೆಲ್ಟಿನ ಕೊಂಡಿ ಬಲಸೊಂಟಕ್ಕೆ. ಪಿಸ್ತೂಲು ಇರುವುದೂ ಅಲ್ಲೇ. ಇಳಿಯುವ ಅವಸರದಲ್ಲಿ ಒಂದನ್ನು ಬಿಡಿಸಲು ಹೋಗಿ ಇನ್ನೊಂದಕ್ಕೆ ಸಿಕ್ಕಿಕೊಳ್ಳುವುದು ಅಲ್ಲಿನ ಪೊಲೀಸರ ನಿತ್ಯದ ಗೊಣಗಾಟ.

ಈ ನಿಯಮಗಳು ಕಚೇರಿಯಲ್ಲಿ ಕೂತು ಬರೆದವಲ್ಲ. ಗುಂಡಿನ ಚೀಲದ ಕತೆಯನ್ನೇ ನೋಡಿ. ರಿವಾಲ್ವರಿನ ಕಾಲದಲ್ಲಿ ಬಿಡಿ ಗುಂಡುಗಳನ್ನು ಪುಟ್ಟ ಚರ್ಮದ ಡಬ್ಬಿಯಲ್ಲಿ ಇಡುತ್ತಿದ್ದರು. ಗುಂಡಿ ಬಿಚ್ಚಿದರೆ ಡಬ್ಬಿ ಮಗುಚಿ ಆರು ಗುಂಡುಗಳು ಅಂಗೈಗೆ ಸುರಿಯುತ್ತವೆ, ಒಂದೊಂದಾಗಿ ತುಂಬಬೇಕು. ಶಾಂತವಾಗಿ ನಿಂತಾಗ ಇದು ಸುಲಭ. 1970ರ ಏಪ್ರಿಲ್ 6ರ ನಡುರಾತ್ರಿ ಕ್ಯಾಲಿಫೋರ್ನಿಯದ ನ್ಯೂಹಾಲ್ ಎಂಬಲ್ಲಿ ಹೆದ್ದಾರಿ ಗಸ್ತಿನ ಪೊಲೀಸರು ಒಂದು ಕಾರನ್ನು ನಿಲ್ಲಿಸಿದರು. ಕಾರಿನಲ್ಲಿದ್ದ ಇಬ್ಬರು ಗುಂಡು ಹಾರಿಸಿದರು. ಐದು ನಿಮಿಷ ತುಂಬುವುದರೊಳಗೆ ನಾಲ್ವರು ಪೊಲೀಸರು ಸತ್ತಿದ್ದರು. ನಾಲ್ವರೂ 25 ದಾಟದ ತರುಣರು. ಅವರಲ್ಲೊಬ್ಬ ತೆರೆದ ರಿವಾಲ್ವರಿಗೆ ಗುಂಡು ತುಂಬುತ್ತಿದ್ದಾಗಲೇ ಹಂತಕ ಹತ್ತಿರ ಬಂದು ಹೊಡೆದ.

ಸತ್ತವನ ಜೇಬಿನಲ್ಲಿ ಖಾಲಿ ಕಾಡತೂಸುಗಳು ಸಿಕ್ಕವು, ತರಬೇತಿ ಮೈದಾನದಲ್ಲಿ ನೆಲ ಗಲೀಜಾಗಬಾರದೆಂದು ಹೇಳಿಕೊಟ್ಟಿದ್ದನ್ನು ಆತ ಸಾವಿನ ಎದುರಲ್ಲೂ ಪಾಲಿಸಿದ ಎಂಬ ಕತೆ ದಶಕಗಳ ಕಾಲ ಪೊಲೀಸ್ ಶಾಲೆಗಳಲ್ಲಿ ಹರಿದಾಡಿತು. ಅದು ನಿಜವಲ್ಲ, ಖಾಲಿ ಕಾಡತೂಸುಗಳು ನೆಲದ ಮೇಲೇ ಬಿದ್ದಿದ್ದವು ಎಂದು ಪ್ರಕರಣವನ್ನು ಮತ್ತೆ ಕೆದಕಿದವರು ತೋರಿಸಿದ್ದಾರೆ. ಕತೆ ಸುಳ್ಳಾದರೂ ಅದು ಹುಟ್ಟಿದ ಭಯ ಸುಳ್ಳಲ್ಲ: ಅಭ್ಯಾಸವಾದ ಕೈ ತಲೆಯ ಮಾತು ಕೇಳುವುದಿಲ್ಲ. ಈ ದುರಂತದ ನಂತರ ಕ್ಯಾಲಿಫೋರ್ನಿಯ ಹೆದ್ದಾರಿ ಪೊಲೀಸರಿಗೆ ಆರೂ ಗುಂಡುಗಳನ್ನು ಒಟ್ಟಿಗೇ ತುಂಬುವ ದುಂಡನೆಯ ಸಾಧನ ಬಂತು. ಮಗುಚುವ ಡಬ್ಬಿ ಮೂಲೆ ಸೇರಿತು. ಮುಂದೆ ಎಲ್ಲೆಡೆ ಪಿಸ್ತೂಲು ಬಂದಾಗ ಆ ಸಾಧನವೂ ಹೋಗಿ ಮ್ಯಾಗಜೀನಿನ ಚೀಲ ಬಂತು.

ಪಿಸ್ತೂಲಿನ ಒರೆಯದೂ ಇಂಥದೇ ಕತೆ. ಹಿಂದೆ ಬೇಗ ಎಳೆಯಲು ಬರುವ ಒರೆಯೇ ಒಳ್ಳೆಯ ಒರೆ. ಆದರೆ ಪೊಲೀಸನಿಗೆ ಬೇಗ ಬರುವುದು ಕಳ್ಳನಿಗೂ ಬೇಗ ಬರುತ್ತದೆ. ತಮ್ಮದೇ ಪಿಸ್ತೂಲಿಗೆ ಬಲಿಯಾದ ಪೊಲೀಸರ ಪ್ರಕರಣಗಳು ಬೆಳೆದಂತೆ, 1970ರ ದಶಕದಿಂದೀಚೆಗೆ ಬೀಗದ ಒರೆಗಳು ಬಂದವು. ಹೊರಗಿನಿಂದ ಎಳೆದರೆ ಬಾರದು. ತೊಟ್ಟವನ ಹೆಬ್ಬೆರಳು ಒಂದು ಮುಚ್ಚಳವನ್ನು ಒತ್ತಿ ಮುಂದಕ್ಕೆ ಹೊರಳಿಸಿದರೆ ಮಾತ್ರ ಬರುತ್ತದೆ. ಈ ಚಲನೆ ಮೈಗೂಡಲು ಸಾವಿರಾರು ಸಲ ಅಭ್ಯಾಸ ಮಾಡಬೇಕು. ಕೈಗೆ ದಾರಿ ಕಲಿಸುವುದು ಎಂದರೆ ಇದೇ. ಕಲಿತ ಕೈ ತಾನಾಗಿಯೇ ಹೋಗುತ್ತದೆ. ಇದು ವರವೂ ಹೌದು, ಮುಂದೆ ನೋಡುವಂತೆ ಶಾಪವೂ ಹೌದು.

ಹಿಗ್ಗದ ಸೊಂಟ

ದಶಕ ಕಳೆದಂತೆ ಪಟ್ಟಿಗೆ ಸೇರಿದ್ದೇ ಸೇರಿದ್ದು. 1970ರ ದಶಕದಲ್ಲಿ ಅಡ್ಡಹಿಡಿಯ ದೊಣ್ಣೆ, ಆಮೇಲೆ ಮಡಚಿದರೆ ಗೇಣುದ್ದವಾಗುವ ಉಕ್ಕಿನ ದೊಣ್ಣೆ. ಏಡ್ಸ್ ಭೀತಿಯ ಕಾಲದಲ್ಲಿ ರಬ್ಬರ್ ಕೈಗವಸಿನ ಪೊಟ್ಟಣ. 1990ರ ದಶಕದಲ್ಲಿ ಮೆಣಸಿನ ದ್ರಾವಣದ ಡಬ್ಬಿ. ಇತ್ತೀಚೆಗೆ ರಕ್ತ ಕಟ್ಟುವ ಪಟ್ಟಿ, ಅಫೀಮು ಜಾತಿಯ ಮಾದಕ ವಸ್ತು ಮಿತಿಮೀರಿ ಸೇವಿಸಿದವರಿಗೆ ಕೊಡುವ ಔಷಧ. ತೆಗೆದುಹಾಕಿದ್ದು ಮಾತ್ರ ಬಲು ಕಡಿಮೆ. ಒಟ್ಟು ಭಾರ 7ರಿಂದ 9 ಕಿಲೋ, ಒಂದು ಸಣ್ಣ ಕೊಡ ನೀರಿನಷ್ಟು. ಕೊಡವನ್ನಾದರೂ ಮನೆ ಮುಟ್ಟಿದ ಮೇಲೆ ಇಳಿಸುತ್ತೇವೆ.

ಇಷ್ಟು ಭಾರಕ್ಕೆ ಸಾಮಾನ್ಯ ಬೆಲ್ಟು ತಡೆಯದು. ಪ್ಯಾಂಟಿನ ಕುಣಿಕೆಯೊಳಗೆ ಒಂದು ಪಟ್ಟಿ, ಅದರ ಮೇಲೆ ಸಾಮಾನಿನ ಪಟ್ಟಿ, ಎರಡನ್ನೂ ಬಿಗಿಯಲು ನಾಲ್ಕೈದು ಪುಟ್ಟ ಹಿಡಿಪಟ್ಟಿಗಳು. ಶೌಚಾಲಯಕ್ಕೆ ಹೋದರೆ ಈ ಸಂಸಾರವನ್ನೆಲ್ಲ ಬಿಚ್ಚಿ ಎಲ್ಲಿಡುವುದು? ನಗುವ ವಿಷಯವಲ್ಲ. ಅಮೆರಿಕದ ಸಂಸತ್ ಭವನದ ಕಾವಲು ಪೊಲೀಸರು ಶೌಚಾಲಯದಲ್ಲಿ ಪಿಸ್ತೂಲು ಮರೆತು ಬಂದದ್ದು 2015ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಹೆಂಗಸರ ಪಾಡು ಇನ್ನೂ ಕಷ್ಟ. ಪಟ್ಟಿಯನ್ನು ರೂಪಿಸಿದ್ದು ಗಂಡಸಿನ ಸೊಂಟಕ್ಕೆ. ಸುತ್ತಳತೆ ಕಡಿಮೆಯಾದರೆ ಸಾಮಾನು ಕಡಿಮೆಯಾಗುವುದಿಲ್ಲ, ಒತ್ತೊತ್ತಾಗುತ್ತದೆ. 6 ಗಂಟೆಯ ಜಾಗವನ್ನೂ ಖಾಲಿ ಬಿಡಲಾಗದು. ಹಾಗೆಂದು ಹಿಂದಿನ ಕಾಲ ಸುಖವಾಗಿತ್ತೆಂದಲ್ಲ. 1968ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಇಬ್ಬರು ಮಹಿಳೆಯರು ಮೊದಲ ಬಾರಿಗೆ ಗಸ್ತಿನ ಕಾರು ಏರಿದಾಗ ಅವರ ಪಿಸ್ತೂಲು ಇದ್ದದ್ದು ಕೈಚೀಲದಲ್ಲಿ. ಲಂಡನ್ನಿನಲ್ಲೂ ಬಹುಕಾಲ ಮಹಿಳಾ ಪೊಲೀಸರಿಗೆ ಕೈಚೀಲದಲ್ಲಿ ಹಿಡಿಸುವಷ್ಟು ಗಿಡ್ಡ ದೊಣ್ಣೆ ಕೊಡುತ್ತಿದ್ದರು. ಕಳ್ಳ ಎದುರಿಗೆ ಬಂದಾಗ 'ಸ್ವಲ್ಪ ತಾಳು' ಎಂದು ಚೀಲ ತೆರೆಯಬೇಕೇನೋ!

ಸೊಂಟನೋವು ಪೊಲೀಸರ ವೃತ್ತಿರೋಗವೆಂದೇ ಹೇಳಬಹುದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಓ ಕ್ಲೇರ್ ಎಂಬ ಊರಿನ ವಿಶ್ವವಿದ್ಯಾಲಯದವರು ಕೆಲವು ವರ್ಷಗಳ ಹಿಂದೆ ಅಲ್ಲಿನ 15 ಪೊಲೀಸರನ್ನು ಆರು ತಿಂಗಳು ಪರೀಕ್ಷಿಸಿದರು. ಬಹುಪಾಲು ಸಾಮಾನುಗಳನ್ನು ಸೊಂಟದಿಂದ ತೆಗೆದು ಎದೆಯ ಮೇಲಿನ ಕವಚದ ಜೇಬುಗಳಿಗೆ ವರ್ಗಾಯಿಸಿದಾಗ ಸೊಂಟ, ಬೆನ್ನಿನ ನೋವು ಕಡಿಮೆಯಾಯಿತು. ಭಾರವನ್ನು ಭುಜಕ್ಕೆ ದಾಟಿಸುವ ಉಪಾಯ! ಸ್ಯಾಮ್ ಬ್ರೌನ್ ಮಾಡಿದ್ದೂ ಅದನ್ನೇ. ಆದರೆ ಕವಚ ತೊಟ್ಟ ಪೊಲೀಸ್ ಸೈನಿಕನಂತೆ ಕಾಣುತ್ತಾನೆ, ಜನ ಹೆದರುತ್ತಾರೆ ಎಂಬ ಆಕ್ಷೇಪವೂ ಇದೆ. 1829ರ ಲಂಡನ್ನಿನ ಅದೇ ಅಂಜಿಕೆ.

ನಮ್ಮಲ್ಲಿ ಕೈಕೋಳ ಏಕಿಲ್ಲ?

ಇಲ್ಲಿ ಓದುಗರಿಗೆ ಒಂದು ಪ್ರಶ್ನೆ ಏಳಬಹುದು. ನಮ್ಮ ಕಾನ್‌ಸ್ಟೆಬಲ್‌ಗಳ ಸೊಂಟದಲ್ಲಿ ಇದೇನೂ ಏಕೆ ಕಾಣುವುದಿಲ್ಲ? ಲಾಠಿ ಕೈಯಲ್ಲಿ, ಸೊಂಟದಲ್ಲಿ ಬರಿಯ ಬೆಲ್ಟು. ಹಣದ ಕೊರತೆ ಒಂದು ಕಾರಣವಿರಬಹುದು. ಆದರೆ ಕೈಕೋಳದ ಮಟ್ಟಿಗೆ ಕಾರಣ ಬೇರೆ. ಅದನ್ನು ಸೊಂಟದಿಂದ ದೂರವಿಟ್ಟದ್ದು ಸುಪ್ರೀಂ ಕೋರ್ಟು. 1980ರಲ್ಲಿ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಮನುಷ್ಯನ ಕೈಗೆ ಕೋಳ ಹಾಕುವುದು ಮೇಲ್ನೋಟಕ್ಕೇ ಅಮಾನವೀಯ, ತಪ್ಪಿಸಿಕೊಳ್ಳುವ ಸ್ಪಷ್ಟ ಅಪಾಯವಿದ್ದರೆ ಮಾತ್ರ, ಅದೂ ಕಾರಣ ಬರೆದಿಟ್ಟು ಹಾಕಬೇಕು ಎಂಬ ಅರ್ಥದ ತೀರ್ಪು ಕೊಟ್ಟರು. 1995ರಲ್ಲಿ ಅಸ್ಸಾಮಿನ ಪ್ರಕರಣವೊಂದರಲ್ಲಿ ಮ್ಯಾಜಿಸ್ಟ್ರೇಟರ ಅನುಮತಿಯೂ ಬೇಕೆಂದು ಅದೇ ನ್ಯಾಯಾಲಯ ಹೇಳಿತು. ಹೀಗಾಗಿ ಅಮೆರಿಕದಲ್ಲಿ ಸೊಂಟದ ನಿತ್ಯದ ಆಭರಣವಾದದ್ದು ಇಲ್ಲಿ ಠಾಣೆಯ ಬೀರುವಿನ ವಸ್ತುವಾಯಿತು.

ತೀರ್ಪು ಎಲ್ಲ ಠಾಣೆಗಳಿಗೂ ತಲುಪಿತೆಂದು ಹೇಳುವಂತಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಕಾನೂನು ವಿದ್ಯಾರ್ಥಿಯೊಬ್ಬನಿಗೆ ಚೆಕ್ ಪ್ರಕರಣದಲ್ಲಿ ಕೋಳ ತೊಡಿಸಿ ನಡೆಸಿಕೊಂಡು ಹೋದದ್ದಕ್ಕೆ ಕರ್ನಾಟಕ ಹೈಕೋರ್ಟು 2022ರಲ್ಲಿ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸುವ ಅಧಿಕಾರಿಗಳ ಮೈಮೇಲೆ ಕ್ಯಾಮೆರಾ ಇರಬೇಕೆಂದೂ ಹೇಳಿತು. ಒಂದನ್ನು ಇಳಿಸಿ ಇನ್ನೊಂದನ್ನು ಏರಿಸಿದ ತೀರ್ಪು ಇದು. ಗಾಳಿ ಈಗ ಸ್ವಲ್ಪ ತಿರುಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಮು ಪದೇ ಪದೇ ಅಪರಾಧ ಮಾಡಿದವರಿಗೆ, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಪ್ರಕರಣಗಳ ಆರೋಪಿಗಳಿಗೆ ಕೋಳ ಹಾಕಲು ಅವಕಾಶ ಕೊಟ್ಟಿದೆ.

ಬಲಗೈ ಹೋದದ್ದೆಲ್ಲಿಗೆ?

ಅಮೆರಿಕದ ಪಟ್ಟಿಗೆ ಬಂದ ಸಾಮಾನುಗಳಲ್ಲೆಲ್ಲ ಹೆಚ್ಚು ತಲೆನೋವು ತಂದದ್ದು ಟೇಸರ್. ತಂತಿ ಕಟ್ಟಿದ ಎರಡು ಮುಳ್ಳುಗಳನ್ನು ಹಾರಿಸಿ ವಿದ್ಯುತ್ ಆಘಾತದಿಂದ ಮನುಷ್ಯನನ್ನು ಕೆಡವುವ ಈ ಯಂತ್ರವನ್ನು ಜ್ಯಾಕ್ ಕವರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ರೂಪಿಸಿದ. ಗುಂಡು ಹಾರಿಸಬೇಕಾದಲ್ಲಿ ಇದನ್ನು ಹಾರಿಸಿದರೆ ಜೀವ ಉಳಿಯುತ್ತದೆ ಎಂಬುದು ಆಶಯ. 2000ದ ನಂತರ ಸಾವಿರಾರು ಪೊಲೀಸ್ ಇಲಾಖೆಗಳು ಕೊಂಡವು. ಆದರೆ ಯಂತ್ರಕ್ಕೆ ಕೊಟ್ಟ ಆಕಾರ ಪಿಸ್ತೂಲಿನದು. ಹಿಡಿ ಹಾಗೆಯೇ, ಕುದುರೆಯೂ ತೋರುಬೆರಳಿಗೇ. ಕೊಲ್ಲುವುದಕ್ಕೂ ಕೊಲ್ಲದಿರುವುದಕ್ಕೂ ಒಂದೇ ಅಂಗಚಲನೆ. ಈ ಆಕಾರವನ್ನು ಒಪ್ಪಿಕೊಂಡದ್ದೇ ಮೂಲದ ತಪ್ಪು ಎಂದು ಈ ಲೇಖಕನಿಗೆ ಅನ್ನಿಸುತ್ತದೆ.

2009ರ ಜನವರಿ 1ರ ನಸುಕಿನಲ್ಲಿ ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ಫ್ರೂಟ್‌ವೇಲ್ ರೈಲು ನಿಲ್ದಾಣದಲ್ಲಿ ಜಗಳವೊಂದನ್ನು ಬಿಡಿಸಲು ಬಂದ ಪೊಲೀಸರು ಆಸ್ಕರ್ ಗ್ರಾಂಟ್ ಎಂಬ 22 ವರ್ಷದ ಕಪ್ಪು ತರುಣನನ್ನು ಮಕಾಡೆ ಕೆಡವಿ ಹಿಡಿದಿದ್ದರು. ಒಬ್ಬ ಪೊಲೀಸ್ ಅವನ ಬೆನ್ನಿಗೆ ಗುಂಡು ಹೊಡೆದ. ಟೇಸರ್ ಎಂದುಕೊಂಡು ಪಿಸ್ತೂಲು ಎಳೆದೆ ಎಂದು ನ್ಯಾಯಾಲಯದಲ್ಲಿ ಹೇಳಿದ. ಉದ್ದೇಶವಿಲ್ಲದ ನರಹತ್ಯೆ ಎಂದು ತೀರ್ಮಾನವಾಗಿ 2010ರಲ್ಲಿ ಅವನಿಗೆ ಎರಡು ವರ್ಷ ಶಿಕ್ಷೆಯಾಯಿತು. 2015ರ ಏಪ್ರಿಲ್‌ನಲ್ಲಿ ಓಕ್ಲಹೋಮಾದ ಟಲ್ಸಾದಲ್ಲಿ 73 ವರ್ಷದ ಸ್ವಯಂಸೇವಕ ಪೊಲೀಸನೊಬ್ಬ ಇದೇ ರೀತಿ ಒಬ್ಬನನ್ನು ಕೊಂದ. ಅವನ ಟೇಸರ್ ಇದ್ದದ್ದು ಎದೆಯ ಕವಚದಲ್ಲಿ, ಪಿಸ್ತೂಲು ಸೊಂಟದಲ್ಲಿ. ಎಟಕುವ ಜಾಗಗಳು ಇಷ್ಟು ದೂರವಿದ್ದರೂ ಕೈ ತಪ್ಪಿತು.

ಹಳೆಯ ಬುಲೆಟ್ ಮೋಟಾರ್ ಸೈಕಲ್ ಓಡಿಸಿದವರಿಗೆ ಇದು ಬೇಗ ಅರ್ಥವಾದೀತು. ಅದರಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಬೇರೆ ಗಾಡಿಗಳಲ್ಲಿ ಅದರ ತಿರುಗುಮುರುಗು. ನಿಧಾನವಾಗಿ ಹೋಗುವಾಗ ಏನೂ ತೊಂದರೆಯಿಲ್ಲ. ಎಮ್ಮೆ ಅಡ್ಡ ಬಂದಾಗ ಕಾಲು ಹಳೆಯ ಅಭ್ಯಾಸದ ಕಡೆಗೇ ಹೋಗುತ್ತದೆ.

ಇಂಥ ಪ್ರಕರಣಗಳು ಹೆಚ್ಚಿದಂತೆ ಇಲಾಖೆಗಳು ಪಟ್ಟಿಯ ಭೂಗೋಳವನ್ನೇ ಬದಲಿಸಿದವು. ಟೇಸರ್ ಪಿಸ್ತೂಲಿನ ಪಕ್ಕದಲ್ಲಿ ಇರಲೇಕೂಡದು, ಎದುರು ಸೊಂಟಕ್ಕೆ ಹೋಗಬೇಕು. ಅದರಲ್ಲೂ ಎರಡು ಬಗೆ. ಎಡಸೊಂಟದಲ್ಲಿಟ್ಟು ಬಲಗೈಯಿಂದ ಅಡ್ಡ ಎಳೆಯುವುದು ಒಂದು. ಇದರಲ್ಲಿ ಗುರಿ ಚೆನ್ನಾಗಿರುತ್ತದೆ, ಆದರೆ ಎರಡು ಆಯುಧಕ್ಕೂ ಒಂದೇ ಕೈ. ಎಡಸೊಂಟದಲ್ಲಿಟ್ಟು ಎಡಗೈಯಿಂದಲೇ ಎಳೆಯುವುದು ಇನ್ನೊಂದು. ಇದರಲ್ಲಿ ಗೊಂದಲ ಕಡಿಮೆ, ಗುರಿಯೂ ಕಡಿಮೆ. ಟೇಸರಿಗೆ ಹಳದಿ ಬಣ್ಣವನ್ನೂ ಬಳಿದರು.

2021ರ ಏಪ್ರಿಲ್ 11ರಂದು ಮಿನೆಸೋಟಾ ರಾಜ್ಯದ ಬ್ರೂಕ್ಲಿನ್ ಸೆಂಟರ್ ಎಂಬಲ್ಲಿ ಡಾಂಟೆ ರೈಟ್ ಎಂಬ 20 ವರ್ಷದ ಕಪ್ಪು ತರುಣನ ಕಾರನ್ನು ಪೊಲೀಸರು ತಡೆದರು. ನೋಂದಣಿಯ ಅವಧಿ ಮುಗಿದಿದ್ದದ್ದು ಒಂದು ಕಾರಣ. ಆತ ಬಂಧನದಿಂದ ಕೊಸರಿಕೊಂಡು ಕಾರಿನೊಳಗೆ ಕೂತಾಗ, 26 ವರ್ಷ ಸೇವೆ ಸಲ್ಲಿಸಿದ್ದ ಮಹಿಳಾ ಅಧಿಕಾರಿಯೊಬ್ಬರು 'ಟೇಸರ್' ಎಂದು ಮತ್ತೆ ಮತ್ತೆ ಕೂಗುತ್ತಲೇ ಪಿಸ್ತೂಲಿನ ಕುದುರೆ ಒತ್ತಿದರು. ರೈಟ್ ಸತ್ತ. ಅವರ ಪಟ್ಟಿಯಲ್ಲಿ ಎಲ್ಲವೂ ನಿಯಮದಂತೆಯೇ ಇತ್ತು. ಪಿಸ್ತೂಲು ಬಲಕ್ಕೆ, ಟೇಸರ್ ಎಡಕ್ಕೆ. ಅದೂ ಎಡಗೈಯಿಂದಲೇ ಎಳೆಯುವಂತೆ ತಿರುಗಿಸಿ ಇಟ್ಟದ್ದು. ಪಿಸ್ತೂಲು ಕಪ್ಪು, ಟೇಸರ್ ಹಳದಿ. ಆದರೆ 26 ವರ್ಷ ಬಲಕ್ಕೆ ಹೋಗಿ ಕಲಿತಿದ್ದ ಬಲಗೈ ಅಂದೂ ಬಲಕ್ಕೇ ಹೋಯಿತು.

ಅದೇ ವರ್ಷದ ಡಿಸೆಂಬರಿನಲ್ಲಿ ವಿಚಾರಣೆ ನಡೆದಾಗ ಪಿಸ್ತೂಲಿನ ತೂಕ ಟೇಸರಿನ ಎರಡರಷ್ಟಕ್ಕಿಂತ ಹೆಚ್ಚು ಎಂದು ಸಾಕ್ಷ್ಯ ಬಂತು. ಕೈಯಲ್ಲಿ ಹಿಡಿದಾಗಲಾದರೂ ಗೊತ್ತಾಗಬೇಡವೇ ಎಂಬುದು ಸರ್ಕಾರಿ ವಕೀಲರ ವಾದ. ಕೋಣೆಯೊಳಗೆ ಕೂತು ಚರ್ಚಿಸುತ್ತಿದ್ದ ಜ್ಯೂರಿಗಳು ನ್ಯಾಯಾಧೀಶೆಗೆ ಒಂದು ಚೀಟಿ ಕಳಿಸಿದರು: ಪೆಟ್ಟಿಗೆಗೆ ಬಿಗಿದು ಕಟ್ಟಿರುವ ಪಿಸ್ತೂಲನ್ನು ಬಿಚ್ಚಿ ಕೈಗೆತ್ತಿಕೊಳ್ಳಬಹುದೇ? ನ್ಯಾಯಾಧೀಶೆ ಒಪ್ಪಿದರು. ಕಟ್ಟು ಬಿಚ್ಚಲಾಯಿತು. ಡಿಸೆಂಬರ್ 23ರಂದು ಅವರು ಕೊಟ್ಟ ತೀರ್ಮಾನ: ಎರಡೂ ಆರೋಪಗಳಲ್ಲಿ ತಪ್ಪಿತಸ್ಥೆ.